ಸತ್ತ ಮೇಲೆ ಎದ್ದು ಹಾಡಿದವಳು

ಹೆಮ್ಮೆ ಪಡುವುದರಲ್ಲಿ ನಾನು ಯಾವತ್ತೂ ಸಂಕೋಚ ಮಾಡಿಕೊಂಡವಳಲ್ಲ. ಸಾರು ಚೆನ್ನಾಗಿ ಆದರೂ ನಾಲ್ಕು ಜನಕ್ಕೆ ಫೋನ್ ಮಾಡಿ ಹೇಳುವ ಜಾತಿ ನನ್ನದು. ಹಾಗಿರುವಾಗ, ನನ್ನ ಮಗಳು ಫರೀದಾಬಾದಿನ ಒಂದು ಸಭಾಂಗಣದಲ್ಲಿ ಜರಿ ಕವಚ ತೊಟ್ಟು, ಸತ್ತು, ಎದ್ದು, ಮತ್ತೆ ಹಾಡಿದ ಸಂಜೆಯ ಬಗ್ಗೆ ಸುಮ್ಮನಿರು ಎಂದರೆ ಹೇಗೆ? ಗೆಳತಿಯರ ಕಿವಿ ತೂತು ಬೀಳುವಷ್ಟು ಹೇಳಿ ಆಯಿತು. ಈಗ ಅವರು ನನ್ನ ಫೋನ್ ಎತ್ತುವುದಿಲ್ಲವಾದ್ದರಿಂದ ಬರೆದು ಇಡುತ್ತಿದ್ದೇನೆ.

ನಾನು ದೆಹಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಪುರಾಣಕಥೆಗಳನ್ನು ಪಾಠ ಮಾಡುತ್ತೇನೆ. ನಮ್ಮವು, ಗ್ರೀಕರವು, ಇನ್ನೂ ಎಲ್ಲೆಲ್ಲಿಯವೋ. ಪ್ರತಿ ಚಳಿಗಾಲದಲ್ಲೂ, ವಿದ್ಯಾರ್ಥಿಗಳು ಮಫ್ಲರ್ ಸುತ್ತಿಕೊಂಡು ಕೈ ಉಜ್ಜುತ್ತ ಕೂತಿರುವಾಗ, ಬೋರ್ಡಿನ ಮೇಲೆ ದೊಡ್ಡದೊಂದು ವೃತ್ತ ಎಳೆಯುತ್ತೇನೆ. ಅದು ವೀರನ ಪಯಣ. ಮನೆಯಿಂದ ಶುರು. ಒಂದು ಕರೆ ಬರುತ್ತದೆ, ವೀರ ಮೊದಲು ಒಲ್ಲೆ ಎನ್ನುತ್ತಾನೆ, ಯಾರೋ ಹಿರಿಯರು ಒಂದು ದಾರವನ್ನೋ ಕತ್ತಿಯನ್ನೋ ಬರೀ ಒಂದು ಮಾತನ್ನೋ ಕೊಟ್ಟು ಬೆನ್ನು ತಟ್ಟುತ್ತಾರೆ. ಹೊಸಿಲು ದಾಟುತ್ತಾನೆ. ಕತ್ತಲೆಗೆ ಇಳಿಯುತ್ತಾನೆ. ಸಾವಿನ ಮುಖ ನೋಡಿ, ಏನನ್ನೋ ಗಳಿಸಿಕೊಂಡು ಮನೆಗೆ ಮರಳುತ್ತಾನೆ. ಮರಳಿದಾಗಲೇ ವೃತ್ತ ಕೂಡುತ್ತದೆ. ದಾರ ಹಿಡಿದು ಕಗ್ಗಂಟಿನ ಅರಮನೆಯಿಂದ ಹೊರಬಂದವನು, ಪಾತಾಳದಿಂದ ನಾಯಿಯನ್ನು ಎಳೆದುತಂದವನು, ಯುದ್ಧ ಮುಗಿಸಿ ಸಮುದ್ರವೆಲ್ಲ ಅಲೆದು ತನ್ನ ಮನೆಗೇ ಭಿಕ್ಷುಕನ ವೇಷದಲ್ಲಿ ಬಂದವನು, ಎಲ್ಲರೂ ಬಂದು ಸೇರುವುದು ಹೊರಟ ಜಾಗಕ್ಕೇ.

ಆಮೇಲೆ ಇನ್ನೊಂದು ವೃತ್ತ ಎಳೆಯಲು ಶುರು ಮಾಡಿ ಮುಕ್ಕಾಲಿಗೆ ಚಾಕ್ ಎತ್ತಿಬಿಡುತ್ತೇನೆ. ಇದು ನಮ್ಮ ಚಕ್ರವ್ಯೂಹದ ಹುಡುಗನದು. ತಾಯಿಯ ಬಸಿರಲ್ಲಿದ್ದಾಗ ಅವನು ವ್ಯೂಹದ ಒಳಗೆ ನುಗ್ಗುವ ಬಗೆ ಕೇಳಿಸಿಕೊಂಡ. ಹೊರಬರುವ ಬಗೆ ಹೇಳುವಷ್ಟರಲ್ಲಿ ತಾಯಿಗೆ ನಿದ್ದೆ ಹತ್ತಿತು. ಕೇಳಿಸಿಕೊಂಡಷ್ಟನ್ನೇ ನಂಬಿ ಹುಡುಗ ಯುದ್ಧಕ್ಕೆ ಹೋದ, ಒಳಗೆ ಹೊಕ್ಕ, ಬರಲಿಲ್ಲ. "ಈ ವೃತ್ತ ಕೂಡುವುದಿಲ್ಲ. ಕೂಡದಿರುವುದೇ ಇದರ ದೊಡ್ಡತನ" ಎಂದು ಹೇಳಿ, ಬೋರ್ಡ್ ಒರೆಸದೆ ಹೊರಗೆ ಹೋಗುವುದು ನನ್ನ ಪದ್ಧತಿ. ಆ ಪಾಠದ ಬಗ್ಗೆಯೂ ನನಗೆ ಹೆಮ್ಮೆಯಿದೆ, ಮುಚ್ಚಿಡುವುದೇನು.

ಫರೀದಾಬಾದಿನ ಕಾರ್ಖಾನೆಗಳಲ್ಲಿ, ಗುರುಗ್ರಾಮ ನೊಯಿಡಾಗಳ ಆಫೀಸುಗಳಲ್ಲಿ ಕೆಲಸ ಮಾಡುವ ಕನ್ನಡಿಗರದ್ದೊಂದು ಪುಟ್ಟ ಕೂಟವಿದೆ. ವರ್ಷಕ್ಕೊಮ್ಮೆ ಕಾರ್ಯಕ್ರಮ, ಬಿಸಿಬೇಳೆಬಾತು, ಮಕ್ಕಳ ಗ್ರೂಪ್ ಡ್ಯಾನ್ಸು. ಒಂದು ವರ್ಷ ಅವರಿಗೆ ಪೌರಾಣಿಕ ನಾಟಕ ಆಡುವ ಹುಚ್ಚು ಹತ್ತಿತು. ನಮ್ಮ ಬಯಲುಸೀಮೆಯ ಊರುಗಳಲ್ಲಿ ಆಡುತ್ತಾರಲ್ಲ, ಹಾರ್ಮೋನಿಯಂ, ತಬಲ, ಝಗಝಗ ಕಿರೀಟ, ಮಾತಿಗೊಂದು ಹಾಡು, ಅಂಥದ್ದು. ಕೂಟದಲ್ಲೊಬ್ಬರು ಹಾರ್ಮೋನಿಯಂ ಮೇಷ್ಟ್ರಿದ್ದರು. ತುಮಕೂರಿನ ಕಡೆಯವರು, ಹಗಲು ಹೊತ್ತು ಗೇರ್ ತಯಾರಿಸುವ ಕಾರ್ಖಾನೆಯಲ್ಲಿ ಮ್ಯಾನೇಜರು, ಭಾನುವಾರ ಮಾತ್ರ ಮೇಷ್ಟ್ರು. ಅವರು ನನಗೆ ಫೋನ್ ಮಾಡಿ, "ಮೇಡಂ, ಪಾಠ ಮಾಡೋದು ಸಾಕು, ಒಂದು ನಾಟಕ ಬರ್ಕೊಡಿ" ಎಂದರು. ಚಕ್ರವ್ಯೂಹವನ್ನೇ ಬರೆದೆ. ಹಾಡುಗಳೂ ನನ್ನವೇ, ಮಟ್ಟು ಅವರದು. ಕೊನೆಗೆ ನಿರ್ದೇಶನವೂ ನನ್ನ ತಲೆಗೇ ಬಂತು.

ಒಂದೇ ಒಂದು ಷರತ್ತು ಹಾಕಿದೆ. ಪರದೆಯ ಹಗ್ಗ ನನ್ನ ಕೈಯಲ್ಲಿರಬೇಕು.

ಅದಕ್ಕೆ ಕಾರಣವಿದೆ. ಈ ನಾಟಕಗಳಲ್ಲಿ ಹಾಡು ಹಿಡಿಸಿದರೆ ಜನ ವನ್ಸ್ ಮೋರ್ ಎಂದು ಕೂಗುತ್ತಾರೆ, ಪಾತ್ರಧಾರಿ ಇನ್ನೊಮ್ಮೆ ಹಾಡಲೇಬೇಕು. ಸಾಯುತ್ತ ಹಾಡಿದ್ದರೂ ಬಿಡುವುದಿಲ್ಲ. ಸತ್ತು ಬಿದ್ದವನು ಎದ್ದು, ಧೂಳು ಕೊಡವಿಕೊಂಡು, ಹಾಡಿ, ಮತ್ತೆ ಸಾಯಬೇಕು. ಚಿಕ್ಕವಳಿದ್ದಾಗ ನಮ್ಮೂರಿನ ಹೈಸ್ಕೂಲು ಮೈದಾನದಲ್ಲಿ ನನ್ನ ಚಿಕ್ಕಪ್ಪ ರಣರಂಗದಲ್ಲಿ ಸತ್ತದ್ದನ್ನು ನೋಡಿ ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಜನ ಕೂಗಿದರು. ಚಿಕ್ಕಪ್ಪ ಎದ್ದು ಕೂತು, ಸರಿದ ಮೀಸೆ ಅಂಟಿಸಿಕೊಂಡು, ನನ್ನ ಕಡೆ ನೋಡಿ ಕಣ್ಣು ಹೊಡೆದ. ನನ್ನ ಅಳುವನ್ನು ಯಾರೋ ಕಿತ್ತುಕೊಂಡು ಹೋದ ಹಾಗಾಯಿತು. ಅವತ್ತಿನಿಂದ ವನ್ಸ್ ಮೋರ್ ಅಂದರೆ ನನಗೆ ಮೈಯೆಲ್ಲ ಉರಿ. ನನ್ನ ನಾಟಕದಲ್ಲಿ ಸತ್ತವನು ಸತ್ತಂತೆಯೇ ಇರಬೇಕು, ಬಿದ್ದ ತಕ್ಷಣ ಪರದೆ ಬೀಳಬೇಕು ಎಂದು ಗಟ್ಟಿ ಮಾಡಿಕೊಂಡೆ.

ಹುಡುಗನ ಪಾತ್ರಕ್ಕೆ ನನ್ನ ಮಗಳು ಕೈ ಎತ್ತುತ್ತಾಳೆಂದು ಮಾತ್ರ ಅಂದುಕೊಂಡಿರಲಿಲ್ಲ. ಆಗ ಅವಳು ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ಹುಟ್ಟಿದ್ದು ಬೆಳೆದದ್ದು ದೆಹಲಿಯಲ್ಲೇ. ಅವಳ ಅಪ್ಪ ಕಾನ್ಪುರದವನು. ಮನೆಯಲ್ಲಿ ನಾನು ಕನ್ನಡದಲ್ಲಿ ಬೈದರೆ ಅವಳು ಹಿಂದಿಯಲ್ಲಿ ಎದುರುತ್ತರ ಕೊಡುತ್ತಾಳೆ. ಬೈದದ್ದು ಒಂದಕ್ಷರ ಬಿಡದೆ ಅರ್ಥವಾಗಿರುತ್ತದೆ, ಉತ್ತರ ಮಾತ್ರ ಕನ್ನಡದಲ್ಲಿ ಬರುವುದಿಲ್ಲ.

ಪಾತ್ರ ಹಂಚುವ ದಿನ ಕೂಟದ ಕಾರ್ಯದರ್ಶಿಗಳು ಮುಖ ಸಣ್ಣಗೆ ಮಾಡಿದರು. ಒಳ್ಳೆಯ ಮನುಷ್ಯ, ಗುರುಗ್ರಾಮದ ದೊಡ್ಡ ಆಫೀಸಿನಲ್ಲಿ ಕೆಲಸ, ಕನ್ನಡ ಅಂದರೆ ಪ್ರಾಣ. ಅದೇ ಅವರ ಕಷ್ಟವೂ ಹೌದು.

"ಮೇಡಂ, ಬೇಜಾರು ಮಾಡ್ಕೋಬೇಡಿ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಅರ್ಥ ಆಗತ್ತೆ, ಬಾಯಿಗೆ ಬರಲ್ಲ. ನನ್ನ ಮಕ್ಕಳೂ ಅಷ್ಟೇ. ಇವಳನ್ನ ಡ್ಯಾನ್ಸಿಗೆ ಹಾಕೋಣ. ಈ ಪಾತ್ರಕ್ಕೆ ಊರಿಂದ ಒಬ್ರು ಕಲಾವಿದರನ್ನ ಕರೆಸೋಣ."

ನಾನು ಬಾಯಿ ತೆರೆಯುವ ಮೊದಲೇ ಮಗಳು ಎದ್ದು ನಿಂತಳು.

"ಅಂಕಲ್, ಒಂದ್ ಮಿನಿಟ್. ಆ ಹುಡುಗನಿಗೂ ಸೇಮ್ ಪ್ರಾಬ್ಲಂ ಅಲ್ವಾ? ಅಮ್ಮನ ಹೊಟ್ಟೇಲಿ ಕೇಳಿಸ್ಕೊಂಡಿದ್ದು ಅಷ್ಟೇ. ಒಳಗೆ ಹೋಗೋದು ಗೊತ್ತು, ಹೊರಗೆ ಬರೋದು ಗೊತ್ತಿಲ್ಲ. ನಂಗೂ ಕನ್ನಡ ಹಂಗೇ. ಒಳಗೆ ಹೋಗತ್ತೆ, ಬಾಹರ್ ನಹೀ ಆತೀ. ತೋ ಈ ಪಾರ್ಟ್ ನಂದೇ ಆಯ್ತಲ್ಲ?"

ಎಷ್ಟೋ ಚಳಿಗಾಲ ಈ ಕಥೆಯನ್ನು ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ನನ್ನ ಮನೆಯಲ್ಲೇ, ನನ್ನ ಊಟದ ಮೇಜಿನ ಆಚೆಯೇ ಆ ಹುಡುಗ ಕೂತಿದ್ದಾನೆಂದು ನನಗೆ ತೋರಿರಲಿಲ್ಲ. ಮೇಷ್ಟ್ರು ಹಾರ್ಮೋನಿಯಂ ಮೇಲೆ ಕೈ ಬಡಿದು ನಕ್ಕರು. "ಪಾರ್ಟು ಅರ್ಥ ಆಗಿದೆ ಈ ಹುಡುಗೀಗೆ. ಶ್ರುತಿ ನಾನು ನೋಡ್ಕೋತೀನಿ, ಬಿಡಿ."

ಕಾರ್ಯದರ್ಶಿಗಳು ಒಪ್ಪಿದರು, ಆದರೆ ಸುಮ್ಮನೆ ಒಪ್ಪಲಿಲ್ಲ. "ಆಗ್ಲಿ. ಆದ್ರೆ ಮಗಳೇ, ನೀನು ಸ್ಟೇಜ್ ಮೇಲೆ ತಡವರಿಸಿದ್ರೆ ಮುಂದಿನ ವರ್ಷದಿಂದ ನಾಟಕಕ್ಕೆ ಊರಿಂದಲೇ ಜನ. ನಿಮ್ಮಂಥ ಮಕ್ಕಳಿಗೆ ಡ್ಯಾನ್ಸು, ಫ್ಯಾನ್ಸಿ ಡ್ರೆಸ್ಸು ಅಷ್ಟೇ. ಮತ್ತೆ ಯಾರೂ ಕೇಳೋ ಹಾಗಿಲ್ಲ." ಹಿಂದೆ ಕೂತಿದ್ದ ಇತರ ಮಕ್ಕಳು ನನ್ನ ಮಗಳ ಮುಖ ನೋಡಿದರು. ಅವಳು, "ಡನ್" ಎಂದಳು.

ಆಮೇಲೆ ಪ್ರತಿ ಶನಿವಾರ, ಭಾನುವಾರ ಮುನಿರ್ಕಾದ ನಮ್ಮ ಮನೆಯಿಂದ ಮೆಟ್ರೋ ಬದಲಿಸಿಕೊಂಡು ಫರೀದಾಬಾದಿಗೆ ತಾಲೀಮಿಗೆ ಹೋದೆವು. ದಾರಿಯುದ್ದಕ್ಕೂ ಅವಳು ಕಣ್ಣು ಮುಚ್ಚಿಕೊಂಡು ಮಾತು ಬಾಯಿಪಾಠ ಮಾಡುವಳು. ಒಂದು ಸಲ ಎದುರು ಕೂತಿದ್ದ ಅಜ್ಜಿಯೊಬ್ಬರು ಭಕ್ತಿಯಿಂದ ಕೇಳಿಸಿಕೊಂಡು, "ಬೇಟಾ, ಯೇ ಕೌನ್ಸಾ ಮಂತ್ರ್ ಹೈ?" ಎಂದು ಕೇಳಿದರು. ಅವಳು ಹೇಳುತ್ತಿದ್ದದ್ದು, "ಎಲವೋ ಮಹಾರಥಿಗಳಿರಾ, ಒಬ್ಬ ಬಾಲಕನ ಮೇಲೆ ಬೀಳಲು ಇಷ್ಟು ಮಂದಿ ಬೇಕಾಯಿತೇ!" ಎಂಬ ಬೈಗುಳ. ಮಗಳು ಕಣ್ಣು ಬಿಟ್ಟು, "ಧೈರ್ಯ ಬರೋ ಮಂತ್ರ್ ಹೈ, ಆಂಟೀಜೀ" ಎಂದಳು. ಅಜ್ಜಿ ಕೈ ಮುಗಿದರು.

ವೇಷಭೂಷಣಕ್ಕೆ ಕರೋಲ್ ಬಾಗ್ ಸುತ್ತಿದೆವು. ಊರಲ್ಲಾದರೆ ಇದೆಲ್ಲ ಬಾಡಿಗೆಗೆ ಸಿಗುತ್ತದೆ, ಇಲ್ಲಿ ಮದುವೆ ಬಟ್ಟೆ ಅಂಗಡಿಗಳೇ ಗತಿ. ಕೆಂಪು ಮಖಮಲ್ಲಿನ ಮೇಲೆ ಜರಿ ಕೆಲಸದ ಶೇರ್ವಾನಿಯೊಂದು ಅವಳ ಕಣ್ಣಿಗೆ ಬಿತ್ತು. ಅಂಗಡಿಯವನು ಉತ್ಸಾಹದಿಂದ, "ದೂಲ್ಹೇ ಕೇ ಲಿಯೇ ಚಾಹಿಯೇ?" ಎಂದ. ಇವಳು ಅಳತೆ ನೋಡುತ್ತ, "ನಹೀ ಭಯ್ಯಾ, ಮರ್ನೇವಾಲೇ ಕೇ ಲಿಯೇ" ಎಂದುಬಿಟ್ಟಳು. ಮದುಮಗನಿಗಲ್ಲ, ಸಾಯುವವನಿಗೆ! ಭಯ್ಯಾನ ಕೈಯಿಂದ ಟೇಪು ಕೆಳಗೆ ಬಿತ್ತು. ನಾಟಕ ಎಂದು ಬಿಡಿಸಿ ಹೇಳಿದ ಮೇಲೆ ಅವನೇ ತೋಳು ಕತ್ತರಿಸಿ ಕವಚದ ಹಾಗೆ ಹೊಲಿದುಕೊಟ್ಟ.

ತಾಲೀಮಿನಲ್ಲಿ ಮಾತು ನಿಧಾನವಾಗಿ ಹದಕ್ಕೆ ಬಂತು. ಮೇಷ್ಟ್ರು ತಪ್ಪಿದಲ್ಲೆಲ್ಲ ವನ್ಸ್ ಮೋರ್ ಎಂದು ಮತ್ತೆ ಹಾಡಿಸಿ ಹಾಡು ತಿದ್ದಿದರು, ನಾನು ಸಾವು ತಿದ್ದಿದೆ. ಹಾಡಿ ಮುಗಿಸಿ, ಮೊಣಕಾಲೂರಿ, ಮುಂದಕ್ಕೆ ಬಿದ್ದರೆ ಆಯಿತು, ಆಮೇಲೆ ಏನೇ ಆದರೂ ಅಲುಗಾಡಬಾರದು ಎಂದು ಅವಳ ತಲೆಗೆ ತುಂಬಿದೆ. "ಗ್ರೀಕ್ ವೀರರೆಲ್ಲ ವಾಪಸ್ ಬರ್ತಾರೆ. ನೀನು ಬರಲ್ಲ. ನೆನಪಿಟ್ಕೋ. ಜನ ಮನೆಗೆ ಹೋದ್ಮೇಲೂ ನೀನು ಬಂದಿಲ್ಲ ಅಂತ ಅವರಿಗೆ ಅನ್ನಿಸ್ತಾ ಇರ್ಬೇಕು." ಅವಳು ತಲೆಯಾಡಿಸುವಳು. ಸಭೆಯಲ್ಲಿ ಜನ ವನ್ಸ್ ಮೋರ್ ಕೂಗುವ ವಿಷಯ ಯಾರೂ ಎತ್ತಲಿಲ್ಲ. ಮೇಷ್ಟ್ರಿಗೆ ಅದು ಉಸಿರಾಟದಷ್ಟು ಸಹಜ, ಹೇಳಿಕೊಡುವುದೇನಿದೆ? ನನಗೆ ಪರದೆಯ ಹಗ್ಗವಿತ್ತು, ಹೇಳುವ ಅಗತ್ಯವೇ ಕಾಣಲಿಲ್ಲ.

ನಾಟಕದ ಸಂಜೆ ಸಭಾಂಗಣ ತುಂಬಿತ್ತು. ಸ್ವೆಟರ್ ಹಾಕಿಕೊಂಡ ಕನ್ನಡಿಗರು, ಅವರ ಪಂಜಾಬಿ ನೆರೆಹೊರೆಯವರು, ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಿಂದ ಒಂದು ಬಸ್ಸು ತುಂಬ ಜನ. ನನ್ನ ಗಂಡ ಎರಡನೇ ಸಾಲಿನಲ್ಲಿ ನನಗೂ ಒಂದು ಕುರ್ಚಿ ಹಿಡಿದು ಕೂತಿದ್ದ, ನಾನು ಬರುವುದಿಲ್ಲವೆಂದು ಗೊತ್ತಿದ್ದರೂ. ನಾನು ಸೈಡ್ ವಿಂಗಿನಲ್ಲಿ ಹಗ್ಗ ಹಿಡಿದು ನಿಂತೆ.

ಮಗಳು ವೇದಿಕೆಗೆ ಬಂದು ಮೊದಲ ಮಾತು ಎತ್ತಿದಾಗ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದದ್ದು ನನಗೆ ಕೇಳಿಸಿತು. ಮಾತಿನ ಕೊನೆಗೆ ದೆಹಲಿಯ ಎಳೆತ ಇದ್ದೇ ಇತ್ತು. ಆದರೆ ಅವಳು ಬೆದರಲಿಲ್ಲ. ತಾಯಿಯಿಂದ ಬೀಳ್ಕೊಂಡು ವ್ಯೂಹದ ಬಾಗಿಲಿಗೆ ಬರುವಷ್ಟರಲ್ಲಿ ನಗು ನಿಂತಿತ್ತು. "ಎಲವೋ ಮಹಾರಥಿಗಳಿರಾ" ಎಂದು ಅವಳು ಗುಡುಗಿದಾಗ, ಕಾರ್ಖಾನೆಗಳ ಇಂಜಿನಿಯರುಗಳಾದ ಆ ಮಹಾರಥಿಗಳು ನಿಜಕ್ಕೂ ಒಂದು ಹೆಜ್ಜೆ ಹಿಂದೆ ಸರಿದರು. ಅದು ನಾನು ಹೇಳಿಕೊಟ್ಟದ್ದಲ್ಲ.

ಆಮೇಲೆ ಕೊನೆಯ ಹಾಡು ಬಂತು. ರಥ ಮುರಿದಿದೆ, ಕತ್ತಿ ಹೋಗಿದೆ, ಹುಡುಗ ಒಬ್ಬನೇ ನಿಂತು ದೂರದ ತಾಯಿಗೆ ಹಾಡುತ್ತಾನೆ.

ಒಳಗೆ ಹೋಗುವ ದಾರಿ ನಿನ್ನ ಬಸಿರಲಿ ಕಲಿತೆ,
ಬೆಳಗಾಗುವ ಮುನ್ನ ನಾ ಹೊರಟು ಬಂದೆ.
ಮರಳಿ ಬರುವಾ ದಾರಿ ಕೇಳಲಿಲ್ಲವೆ ತಾಯೆ,
ಕರೆದರೂ ನಾನಿನ್ನು ಹೇಗೆ ಬರಲಿ?

ಇದನ್ನು ಬರೆದವಳು ನಾನು. ತಾಲೀಮಿನಲ್ಲಿ ಬೇಸರ ಬರುವಷ್ಟು ಸಲ ಕೇಳಿದವಳೂ ನಾನೇ. ಆದರೂ ಅವತ್ತು ಅವಳು ಕೊನೆಯ ಸಾಲನ್ನು ತಾರಸ್ಥಾಯಿಗೆ ಎತ್ತಿ, ಅಲ್ಲೇ ನಿಲ್ಲಿಸಿ, ಉಸಿರು ಮುಗಿದವನ ಹಾಗೆ ಕೆಳಗಿಳಿಸಿದಾಗ ನನ್ನ ಕಣ್ಣು ತುಂಬಿ ಏನೂ ಕಾಣದಾಯಿತು. ಮೊಣಕಾಲೂರಿದಳು. ಬಿದ್ದಳು. ಕಿರೀಟ ಉರುಳಿ ಹಾರ್ಮೋನಿಯಂ ಹತ್ತಿರ ಹೋಗಿ ನಿಂತಿತು.

ನಾನು ಪರದೆ ಬಿಡುವುದನ್ನೇ ಮರೆತಿದ್ದೆ.

ಆ ಸ್ವಲ್ಪ ಸಮಯ ಸಾಕಾಯಿತು. ಹಿಂದಿನ ಸಾಲಿನಿಂದ ಒಂದು ಗಂಡಸು ದನಿ, "ವನ್ಸ್ ಮೋರ್!" ಎಂದಿತು. ಇನ್ನೊಂದು. ಆಮೇಲೆ ಇಡೀ ಸಭಾಂಗಣ. ಕನ್ನಡ ಅರ್ಥವಾಗದ ಪಂಜಾಬಿಗಳೂ ಮದುವೆ ದಿಬ್ಬಣದ ಹುರುಪಿನಲ್ಲಿ ಸೇರಿಕೊಂಡರು. ಮೇಷ್ಟ್ರು ಆಗಲೇ ಹಾಡಿನ ಎತ್ತುಗಡೆ ನುಡಿಸತೊಡಗಿದರು. ಮಗಳು ಏಳಲಿಲ್ಲ. ಮೇಷ್ಟ್ರು ಇನ್ನೊಮ್ಮೆ ನುಡಿಸಿದರು. ಅವಳು ಮಿಸುಕಲಿಲ್ಲ.

ನಾನು ಹಗ್ಗ ಬಿಗಿಯಾಗಿ ಹಿಡಿದೆ. ಈಗ ಬಿಟ್ಟರೂ ಆದೀತು, ನನ್ನ ನಾಟಕ ನಾನಂದುಕೊಂಡಂತೆ ಮುಗಿಯುತ್ತಿತ್ತು. ಅಷ್ಟರಲ್ಲಿ ಅವಳ ಮುಖ ಕಂಡಿತು. ನನ್ನ ಕಡೆಗೇ ತಿರುಗಿ ಬಿದ್ದಿದ್ದಳು. ಕಣ್ಣು ಮುಚ್ಚಿತ್ತು, ಆದರೆ ಗದ್ದ ನಡುಗುತ್ತಿತ್ತು. ಅಳು ತಡೆಯುವಾಗ ಮಗುವಾಗಿದ್ದಾಗಿನಿಂದಲೂ ಅವಳ ಗದ್ದ ಹಾಗೆಯೇ ನಡುಗುವುದು.

ನಾನು ಪರದೆಯ ಅಂಚಿಗೆ ಬಗ್ಗಿ, "ಏನಾಯ್ತೋ ಕಂದಾ?" ಎಂದೆ.

ತುಟಿ ಅಲುಗಿಸದೆ ಅವಳು ಪಿಸುಗುಟ್ಟಿದಳು. "ಮಮ್ಮಿ, ಎಲ್ಲಿ ತಪ್ಪಾಯ್ತು? ಎಲ್ರೂ ಮತ್ತೆ ಮಾಡು ಅಂತಿದ್ದಾರೆ. ಇತ್ನಾ ಖರಾಬ್ ಥಾ ಕ್ಯಾ? ನನ್ನ ಕನ್ನಡ?"

ಆಗ ಗೊತ್ತಾಯಿತು. ಊರಿನ ನಾಟಕ ಒಂದನ್ನೂ ನೋಡದ ನನ್ನ ಮಗಳಿಗೆ ವನ್ಸ್ ಮೋರ್ ಎಂದರೆ ಮೇಷ್ಟ್ರು ತಾಲೀಮಿನಲ್ಲಿ ಹೇಳುವ ಮಾತು. ತಪ್ಪಿದಾಗ ಹೇಳುವ ಮಾತು. ಅಷ್ಟು ದೊಡ್ಡ ಸಭೆ ಒಟ್ಟಾಗಿ ತನ್ನನ್ನು ತಿದ್ದುತ್ತಿದೆ, ಪಾತ್ರ ಹಂಚುವ ದಿನ ಹಿಂದೆ ಕೂತಿದ್ದ ಮಕ್ಕಳೆಲ್ಲರ ಮುಂದಿನ ಪಾರ್ಟುಗಳೂ ತನ್ನಿಂದಾಗಿ ಹೋದವು ಎಂದುಕೊಂಡು ಅವಳು ಅಲ್ಲಿ ಸತ್ತು ಮಲಗಿದ್ದಳು.

ಕಾರ್ಯದರ್ಶಿಗಳು ಮೆಟ್ಟಿಲು ಹಾರಿಕೊಂಡು ವಿಂಗಿನೊಳಗೆ ಓಡಿ ಬಂದರು. ನನ್ನ ಕೈಯಲ್ಲಿನ ಹಗ್ಗ ನೋಡಿ ಗಾಬರಿಯಾದರು. "ಮೇಡಂ, ಪರದೆ ಬಿಡ್ಬೇಡಿ! ದಮ್ಮಯ್ಯ ಅಂತೀನಿ! ಅವಳನ್ನ ಎಬ್ಬಿಸಿ!" ಅವರ ಕಣ್ಣೂ ಕೆಂಪಾಗಿತ್ತು. "ನನ್ನ ಮಗಳು ಕುರ್ಚಿ ಮೇಲೆ ಹತ್ತಿ ಕೂಗ್ತಾ ಇದಾಳೆ ಮೇಡಂ, ಕನ್ನಡ ಹಾಡಿಗೆ!"

ನಾನು ಮತ್ತೆ ಬಗ್ಗಿದೆ. "ತಪ್ಪಾಗಿಲ್ಲ ಕಣೇ. ಚೆನ್ನಾಗಿ ಹಾಡಿದ್ದಕ್ಕೇ ಕೇಳ್ತಿರೋದು. ನಮ್ಮಲ್ಲಿ ಹಂಗೇ. ತುಂಬಾ ಇಷ್ಟ ಆದವರನ್ನ ಸಾಯೋಕೆ ಬಿಡಲ್ಲ. ಏಳು."

ಒಂದು ಕಣ್ಣು ತೆರೆಯಿತು. "ನೀನೇ ಹೇಳಿದ್ದಲ್ಲ, ಇವ್ನು ವಾಪಸ್ ಬರಲ್ಲ ಅಂತ."

"ನಾನು ಹೇಳಿದ್ದು ಸುಳ್ಳು. ಜನ ಕರೆದ್ರೆ ಬರ್ತಾನೆ."

ಅವಳು ಎದ್ದಳು. ಆ ಗದ್ದಲವನ್ನು ನಾನು ಬರೆದು ಕೇಳಿಸಲಾರೆ. ಧೂಳು ಕೊಡವಿಕೊಳ್ಳಲಿಲ್ಲ, ಕಣ್ಣು ಹೊಡೆಯಲಿಲ್ಲ. ಹೋಗಿ ಕಿರೀಟ ಎತ್ತಿಕೊಂಡು, ಮೇಷ್ಟ್ರಿಗೆ ನಮಸ್ಕಾರ ಮಾಡಿ, ತಲೆಗೆ ಕಟ್ಟಿಕೊಂಡಳು. "ಶ್ರುತಿ ಕೊಡಿ ಮೇಷ್ಟ್ರೇ" ಎಂದಳು. ಮಾತಿನಲ್ಲಿ ಆ ಎಳೆತ ಹಾಗೆಯೇ ಇತ್ತು, ಒಬ್ಬರೂ ನಗಲಿಲ್ಲ. ಈ ಸಲ ಸಭೆಯ ಕಡೆ ತಿರುಗದೆ, ವಿಂಗಿನ ಕಡೆ ತಿರುಗಿ, ನನ್ನನ್ನೇ ನೋಡುತ್ತ ಹಾಡಿದಳು. ಮರಳಿ ಬರುವ ದಾರಿ ಕೇಳಲಿಲ್ಲವೆ ತಾಯೆ ಎನ್ನುವಾಗ ಅವಳ ಮುಖದಲ್ಲಿ ಸಂಕಟವಿರಲಿಲ್ಲ. ದಾರಿ ಸಿಕ್ಕವಳ ತುಂಟತನವಿತ್ತು. ಇವಳು ನನ್ನ ಮಗಳು ಎಂದು ಇಡೀ ಫರೀದಾಬಾದಿಗೆ ಕೇಳುವಂತೆ ಕೂಗಬೇಕೆನ್ನಿಸಿತು.

ಹಾಡು ಮುಗಿಯಿತು. ಎರಡನೆಯ ಸಲ ಸತ್ತಳು. ಇನ್ನೊಮ್ಮೆ ಕೇಳುವುದು ಅತಿಯಾದೀತೇನೋ ಎಂಬ ಸಂಕೋಚ ಸಭೆಗೆಲ್ಲ. ಕಾರ್ಯದರ್ಶಿಗಳು ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ತಿರುಗಿ, ಈಗ ಪರದೆ ಬಿಡಬಹುದು ಎಂಬಂತೆ ತಲೆಯಾಡಿಸಿದರು.

"ವನ್ಸ್ ಮೋರ್!"

ಸೈಡ್ ವಿಂಗಿನಿಂದ ಬಂದ ಆ ಕೂಗಿಗೆ ಮೇಷ್ಟ್ರು ಬೆಚ್ಚಿಬಿದ್ದರು. ಕೂಗಿದವಳು ನಾನು. ಗಂಟಲು ಹರಿಯುವಂತೆ, ಹೈಸ್ಕೂಲು ಮೈದಾನದ ಜನರಿಗಿಂತ ಜೋರಾಗಿ ಕೂಗಿದ್ದೆ. ಸತ್ತ ಮಗಳು ತಲೆ ಎತ್ತಿ ನನ್ನನ್ನು ನೋಡಿ, ಕಿಲಕಿಲ ನಕ್ಕು, ಮತ್ತೆ ಎದ್ದು ಕಿರೀಟ ಕಟ್ಟಿಕೊಳ್ಳತೊಡಗಿದಳು. ನಾನು ಹಗ್ಗವನ್ನು ಗೂಟಕ್ಕೆ ಸುತ್ತಿ ಗಂಟು ಹಾಕಿ, ಮೆಟ್ಟಿಲಿಳಿದು ಹೋಗಿ, ನನ್ನ ಗಂಡ ಹಿಡಿದಿಟ್ಟಿದ್ದ ಕುರ್ಚಿಯಲ್ಲಿ ಕೂತೆ.